ಕಂಪ್ಯೂಟರ್ ತಾನೇ ಬಂದ್ ಆದರೆ ವೈರಸ್ಸೇ ಕಾರಣವಲ್ಲ: ಒಂದು ಸ್ಪಷ್ಟನೆ

ವಿಜಯಪುರದ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಮನೆಯ ಕಂಪ್ಯೂಟರ್ ಪದೇ ಪದೇ ಬಂದ್ ಆಗುತ್ತಿದ್ದರೆ ಅದು ವೈರಸ್. ಕೂಡಲೇ ಫಾರ್ಮ್ಯಾಟ್ ಮಾಡಿಸಿ." ದಯವಿಟ್ಟು ಅವಸರ ಮಾಡಬೇಡಿ. ವೈರಸ್‌ನಿಂದಲೂ ತೊಂದರೆ ಆಗಬಹುದು, ನಿಜ. ಆದರೆ ಸುಮ್ನೆ ಫಾರ್ಮ್ಯಾಟ್ ಮಾಡಿಸಿದರೆ, ಅಂದರೆ ಇರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿಸಿದರೆ, ಮಕ್ಕಳ ಫೋಟೊ ಹೋಗಬಹುದು, ತೊಂದರೆ ಹಾಗೇ ಉಳಿಯಬಹುದು.

ನಮ್ಮಲ್ಲಿ ಬೇಸಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಧೂಳೂ ಜಾಸ್ತಿ, ಅಲ್ವಾ? ಪ್ರೊಸೆಸರ್ (ಕಂಪ್ಯೂಟರಿನ ಲೆಕ್ಕಾಚಾರವೆಲ್ಲ ಮಾಡುವ ಮುಖ್ಯ ಚಿಪ್) ಮೇಲಿನ ಫ್ಯಾನಿಗೆ ಧೂಳು ಮೆತ್ತಿದರೆ ಗಾಳಿ ಆಡುವುದಿಲ್ಲ. ಬಿಸಿ 100 ಡಿಗ್ರಿ ಆಸುಪಾಸಿಗೆ ಏರಿದರೆ ಪ್ರೊಸೆಸರ್ ಮೊದಲು ನಿಧಾನವಾಗುತ್ತದೆ. ಇನ್ನೂ ಏರಿದರೆ ಸುಟ್ಟುಹೋಗದಿರಲಿ ಅಂತ ತಾನೇ ಬಂದ್ ಆಗುತ್ತದೆ. ಗೇಮ್ ಆಡುವಾಗ, ಮಧ್ಯಾಹ್ನದ ಹೊತ್ತಿಗೇ ಹೀಗಾದರೆ ಮೊದಲ ಅನುಮಾನ ಬಿಸಿಯ ಮೇಲೇ ಇರಲಿ. ಪ್ಲಗ್ ತೆಗೆದು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ.

ಬಂದ್ ಆಗುವ ಮುನ್ನ ನೀಲಿ ಪರದೆ (ವಿಂಡೋಸ್ ತನ್ನ ದೋಷ ತೋರಿಸುವ ಪರದೆ) ಬರುತ್ತಿದ್ದರೆ ಅದರಲ್ಲಿರುವ ಕೋಡ್ ಬರೆದಿಟ್ಟುಕೊಳ್ಳಿ. ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿ) ಕೆಟ್ಟರೂ ಹೀಗಾಗಬಹುದು. ರ‍್ಯಾಮ್ ಪರೀಕ್ಷೆಗೆ ವಿಂಡೋಸ್‌ನಲ್ಲೇ 'ಮೆಮೊರಿ ಡಯಾಗ್ನೋಸ್ಟಿಕ್' ಇದೆ, ದುಡ್ಡು ಬೇಕಿಲ್ಲ. ರಿಪೇರಿಗೆ ಒಯ್ಯುವ ಮುನ್ನ ಫೋಟೊ, ಲೆಕ್ಕಪತ್ರಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.