ನತ್ತಿಂಗಗಳಿಗೆ ಕೀಟನಾಶಕ ಒಂದೇ ಶತ್ರುವಲ್ಲ

ರಾತ್ರಿ ಹಾರಾಡಿ ಹುಳ ಹಿಡಿಯುವ ನತ್ತಿಂಗ (ನೈಟ್‌ಜಾರ್) ಹಕ್ಕಿ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ನತ್ತಿಂಗಗಳು ಕಡಿಮೆಯಾಗಲು ಕೀಟನಾಶಕವೇ ಕಾರಣ ಅಂತ ಬರೆದು ಮುಗಿಸಿದ್ದೀರಿ, ನಮ್ಮ ಕೊಡಗಿನ ರಸ್ತೆಗಳನ್ನೂ ಸ್ವಲ್ಪ ನೋಡಬೇಕಿತ್ತು. ಕತ್ತಲಾದ ಮೇಲೆ ತಿತಿಮತಿ ಕಡೆ ಬಂದರೆ ರಸ್ತೆ ಮಧ್ಯೆ ಕೆಂಪಗೆ ಎರಡು ಕಣ್ಣು ಹೊಳೆಯುತ್ತವೆ. ಹೆಡ್‌ಲೈಟ್ ಬಿದ್ದರೂ ಹಕ್ಕಿ ಅಲ್ಲೇ ಕೂತಿರುತ್ತದೆ, ಗಾಡಿ ಹತ್ತಿರ ಬಂದಾಗ ಏಳುತ್ತದೆ, ಜೋರಾಗಿ ಬರೋರಿಗೆ ಆಗ ಬ್ರೇಕ್ ಹಾಕಿ ಪ್ರಯೋಜನವಿಲ್ಲ.

ಇನ್ನೊಂದು ಅಪಾಯ ವೀಡ್ ಕಟ್ಟರ್, ಅಂದರೆ ಕಳೆ ಕತ್ತರಿಸುವ ಯಂತ್ರ. ನತ್ತಿಂಗ ಗೂಡು ಕಟ್ಟುವ ಹಕ್ಕಿಯೇ ಅಲ್ಲ, ಬರೀ ನೆಲದ ಮೇಲೆ ಸಾಮಾನ್ಯವಾಗಿ ಎರಡು ಮೊಟ್ಟೆ ಇಟ್ಟು ತರಗೆಲೆ ಬಣ್ಣದಲ್ಲೇ ಬೆರೆತು ಕೂತುಬಿಡುತ್ತದೆ. ತುಳಿಯುವಷ್ಟು ಹತ್ತಿರ ಹೋದರೂ ಕಾಣಿಸಲ್ಲ. ಕಳೆ ಹೊಡೆಯೋರ ತಪ್ಪಲ್ಲ ಬಿಡಿ. ಆದರೆ ಬೇಸಿಗೆಯಲ್ಲಿ ಹಕ್ಕಿ ಎದ್ದ ಜಾಗ ಕಂಡರೆ ಅಷ್ಟು ತುಂಡು ಬಿಟ್ಟು ಮುಂದೆ ಹೋಗಬಹುದಲ್ವಾ?

ನತ್ತಿಂಗದ ಹಾಗೇ ರಾತ್ರಿ ಓಡಾಡುವ ಕಪ್ಪೆಬಾಯಿ (ಫ್ರಾಗ್‌ಮೌತ್) ಹಕ್ಕಿ ಬಗ್ಗೆಯೂ ಬರೆಯಿರಿ. ಮರದಲ್ಲಿ ಪುಟ್ಟ ಗೂಡು, ಒಂದೇ ಮೊಟ್ಟೆ, ಹಗಲಿಡೀ ಕಾವು ಕೂರುವುದು ಗಂಡು. ಒಣಗಿದ ಕೊಂಬೆಯ ತುಂಡಿನ ಹಾಗೆ ಅಲ್ಲಾಡದೆ ಇರುತ್ತದೆ. ಫೋಟೋ ಹಾಕಿ ಪರವಾಗಿಲ್ಲ, ಜಾಗದ ಹೆಸರು ಮಾತ್ರ ದಯವಿಟ್ಟು ಹಾಕಬೇಡಿ, ಮಾರನೇ ದಿನವೇ ಕ್ಯಾಮೆರಾ ಹಿಡಿದು ಜನ ಬರುತ್ತಾರೆ.