ಮಾತಿಲ್ಲದ ಹೊತ್ತಿನ ಅಶ್ವಥ್

ಹೋದ ಭಾನುವಾರ ಕುವೆಂಪುನಗರದಲ್ಲಿ ಗೆಳೆಯರೊಬ್ಬರ ಮನೆ ತಾರಸಿ ಮೇಲೆ ನಮ್ಮ ಹವ್ಯಾಸಿ ತಂಡದ ತಾಲೀಮಿತ್ತು. ಅಪ್ಪನ ಪಾತ್ರ ಮಾಡ್ತಿರೋ ಹುಡುಗನಿಗೆ ಒಳ್ಳೆ ಕಂಠ, ಮಾತೆಲ್ಲ ಬಾಯಿಪಾಠ. ಆದರೆ ಮಗನ ಪಾತ್ರದವನು ಮನೆ ಬಿಟ್ಟು ಹೋಗ್ತೀನಿ ಅಂತ ಒಂದು ಪುಟದಷ್ಟು ಮಾತಾಡುವಾಗ ಇವನು ನೀರಿನ ಟ್ಯಾಂಕಿನ ಕಡೆ ನೋಡ್ಕೊಂಡು ಸರದಿಗೆ ಕಾಯ್ತಾ ನಿಂತಿದ್ದ. ತುಟಿ ಮಾತ್ರ ಸಣ್ಣಗೆ ಅಲ್ಲಾಡ್ತಿತ್ತು. ಮುಂದಿನ ಮಾತನ್ನ ಒಳಗೊಳಗೇ ಹೇಳ್ಕೊಳ್ತಿದ್ದ.

"ಮಗ ಮನೆ ಬಿಟ್ಟು ಹೋಗ್ತಿದಾನೆ ಕಣೋ, ಕೇಳಿಸ್ತಿಲ್ವಾ ನಿನಗೆ?" ಅಂದೆ.

"ಅಲ್ಲಿ ನನಗೆ ಮಾತಿಲ್ಲ ಸಾರ್" ಅಂದ.

ಮನೆಗೆ ಹೋಗಿ ಅಶ್ವಥ್ ಅವರನ್ನ ನೋಡು ಅಂದೆ. "ಹಾಡೋರಾ ಸಾರ್?" ಅಂತ ಕೇಳಿದ. ಮೈಸೂರಿನ ಹುಡುಗ, ಅದೂ ನಾಟಕದ ಹುಚ್ಚು ಹತ್ತಿಸ್ಕೊಂಡಿರೋ ಹುಡುಗ ಹಾಗೆ ಕೇಳಿದ್ದು ರಾತ್ರಿಯಿಡೀ ಕೊರೀತಾ ಇತ್ತು. ತಪ್ಪು ಅವನದಲ್ಲ, ಹೇಳಿಕೊಡದ ನಮ್ಮದು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನಾನು ಹೇಳಿದ್ದು ಗಾಯಕ ಸಿ. ಅಶ್ವಥ್ ಅಲ್ಲ, ನಟ ಕೆ.ಎಸ್. ಅಶ್ವಥ್. ಪೂರ್ತಿ ಹೆಸರು ಕರಗನಹಳ್ಳಿ ಸುಬ್ಬರಾಯ ಅಶ್ವತ್ಥನಾರಾಯಣ. ಹುಟ್ಟಿದ್ದು 1925ರ ಮಾರ್ಚ್ 25. ಹದಿಹರೆಯದಲ್ಲಿ 1942ರ ಚಳವಳಿಗೆ ಧುಮುಕಿದವರು. ಆಮೇಲೆ ಫುಡ್ ಇನ್ಸ್‌ಪೆಕ್ಟರ್ ಕೆಲಸ. ಅದರ ಜೊತೆಜೊತೆಗೆ ಹವ್ಯಾಸಿ ನಾಟಕ, ಮೈಸೂರು ಆಕಾಶವಾಣಿಯ ನಾಟಕ. 1955ರಲ್ಲಿ ‘ಸ್ತ್ರೀರತ್ನ’ದಿಂದ ಸಿನಿಮಾಕ್ಕೆ ಬಂದರು. ಅಲ್ಲಿಂದ ಮುಂದೆ 350ಕ್ಕೂ ಹೆಚ್ಚು ಚಿತ್ರ.

ಆ ಆಕಾಶವಾಣಿ ಅನ್ನೋದನ್ನ ಸುಮ್ಮನೆ ದಾಟಿ ಹೋಗಬಾರದು ಅಂತ ನನ್ನ ಭಾವನೆ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ‘ವಿಠಲ ವಿಹಾರ’ ಮನೆಯಲ್ಲೇ ಶುರು ಮಾಡಿದ ಬಾನುಲಿ ಅದು. ಆ ಊರಿನಲ್ಲಿ ಮೈಕಿನ ಮುಂದೆ ಪಳಗಿದ ನಟ ಇವರು. ರೇಡಿಯೋ ನಾಟಕದಲ್ಲಿ ಬಣ್ಣ ಇಲ್ಲ, ಬೆಳಕಿಲ್ಲ, ಕೈ ಬೀಸಿದರೆ ಯಾರಿಗೂ ಕಾಣಲ್ಲ. ಉಸಿರಲ್ಲೇ ಎಲ್ಲ ಆಗಬೇಕು. ಎದುರಿನವರ ಮಾತು ಕಿವಿಗೊಟ್ಟು ಕೇಳದೇ ಹೋದರೆ ನಿಮ್ಮ ಉತ್ತರ ಓದಿದ ಹಾಗೇ ಕೇಳಿಸುತ್ತೆ, ಕೇಳುಗನಿಗೆ ತಕ್ಷಣ ಗೊತ್ತಾಗಿಬಿಡುತ್ತೆ. ಅಶ್ವಥ್ ಅವರ ಅಭಿನಯದ ಬೇರು ಇಲ್ಲೇ ಇದೆ ಅಂತ ನಾನು ನಂಬಿದ್ದೀನಿ. ಅವರು ಮೊದಲು ಕೇಳಿಸಿಕೊಳ್ತಿದ್ದರು, ಆಮೇಲೆ ಮಾತಾಡ್ತಿದ್ದರು.

ಒಂದು ಲೆಕ್ಕ ನೋಡಿ. ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ. ಅಂದರೆ ಅಶ್ವಥ್ ಅವರಿಗಿಂತ ನಾಲ್ಕೇ ವರ್ಷ ಚಿಕ್ಕವರು. ಆದರೂ ಅದೇ ರಾಜಣ್ಣನಿಗೆ ಇವರು ಅಪ್ಪನಾಗಿ ಬಂದರೆ ಥಿಯೇಟರಿನಲ್ಲಿ ಒಬ್ಬರಿಗೂ ಅನುಮಾನ ಬರ್ತಿರಲಿಲ್ಲ. ಪಂಢರಿಬಾಯಿಯವರ ಕಥೆಯೂ ಹಾಗೇ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್ ಅವರ ಜೋಡಿಯಾಗಿದ್ದವರು ಮುಂದೆ ಅವರಿಗೇ ತಾಯಿಯಾದರು. ಅಶ್ವಥ್–ಪಂಢರಿಬಾಯಿ ಅಂದರೆ ನಮ್ಮಮ್ಮನ ಕಾಲದವರಿಗೆ ಯಾವುದೋ ಸ್ವಂತ ನೆಂಟರ ಮನೆ ಗಂಡ ಹೆಂಡತಿ ಇದ್ದ ಹಾಗೆ. ತನ್ನ ವಯಸ್ಸಿನವನೇ ಹೀರೋ ಆಗಿ ಮರ ಸುತ್ತುವಾಗ ತಾನು ತಲೆಗೆ ಬಿಳಿ ಬಳ್ಕೊಂಡು ಅವನಿಗೆ ಆಶೀರ್ವಾದ ಮಾಡಬೇಕು, ಅದನ್ನ ಒಂದಿಷ್ಟೂ ಕಹಿ ಇಲ್ಲದೆ, ಇನ್ನೂರು ಸಲ ಮಾಡಿದರೂ ಮಾಸದ ಪ್ರೀತಿಯಿಂದ ಮಾಡಬೇಕು. ಇದು ಸಣ್ಣ ಮಾತಲ್ಲ.

ಇನ್ನು ‘ನಾಗರಹಾವು’. 1972. ಪುಟ್ಟಣ್ಣ ಕಣಗಾಲರ ನಿರ್ದೇಶನ, ತರಾಸು ಕಾದಂಬರಿಗಳ ಕಥೆ, ಚಿತ್ರದುರ್ಗದ ಕೋಟೆ. ವಿಷ್ಣುವರ್ಧನ್ ಆ ಚಿತ್ರದಿಂದ ಮನೆಮಾತಾದರು. ಅವರ ರಾಮಾಚಾರಿ ಬಗ್ಗೆ ಬರೆದಷ್ಟು ಅಶ್ವಥ್ ಮಾಡಿದ ಚಾಮಯ್ಯ ಮೇಷ್ಟ್ರ ಬಗ್ಗೆ ನಾವು ಬರೆದಿಲ್ಲ. ಮಾತೆತ್ತಿದರೆ ‘ಆದರ್ಶ ಗುರು’ ಅಂತೀವಿ. ನನಗೆ ಅದು ಒಪ್ಪಿಗೆ ಇಲ್ಲ. ಮೇಷ್ಟ್ರು ತಪ್ಪು ಮಾಡ್ತಾರೆ. ಪ್ರೀತಿಸಿದ ಹುಡುಗಿ ಅಲಮೇಲುವನ್ನ ಬಿಟ್ಟುಬಿಡು ಅಂತ ಶಿಷ್ಯ ರಾಮಾಚಾರಿಯನ್ನ ಕೇಳ್ತಾರೆ. ಊರಿಗೆಲ್ಲ ತಿರುಗಿ ಬೀಳೋ ಹುಡುಗ ಗುರುವಿನ ಮಾತಿಗೆ ತಲೆಬಾಗಿ ಬಿಟ್ಟುಕೊಡ್ತಾನೆ. ಆ ಹೆಣ್ಣುಮಗಳ ಬಾಳು ಮೂರಾಬಟ್ಟೆಯಾಗುತ್ತೆ. ಜಾತಿ, ಮರ್ಯಾದೆ, ನಾಲ್ಕು ಜನ ಏನಂತಾರೆ ಅನ್ನೋ ಭಯ ಎಲ್ಲ ಮೇಷ್ಟ್ರ ಪ್ರೀತಿಯೊಳಗೇ ಬೆರೆತಿದೆ. ಪ್ರೀತಿ ಸುಳ್ಳಲ್ಲ, ಅದರಿಂದಾದ ಅನ್ಯಾಯವೂ ಸುಳ್ಳಲ್ಲ. ಇವೆರಡನ್ನೂ ಒಂದೇ ಮುಖದಲ್ಲಿ ಇಟ್ಟರಲ್ಲ, ಅದು ಅಶ್ವಥ್. ಸ್ವಲ್ಪ ಹೆಚ್ಚು ಗದರಿದ್ದರೆ ಮೇಷ್ಟ್ರು ಖಳನಾಗ್ತಿದ್ದರು, ಸ್ವಲ್ಪ ಹೆಚ್ಚು ಅತ್ತಿದ್ದರೆ ಉಪದೇಶಿಯಾಗ್ತಿದ್ದರು. ಆ ಪಾತ್ರಕ್ಕೆ ರಾಜ್ಯ ಪ್ರಶಸ್ತಿ ಬಂತು. ಅದಕ್ಕೆ ಇಟ್ಟ ಹೆಸರು ‘ಪೋಷಕ ನಟ’. ಆ ಚಿತ್ರದಲ್ಲಿ ಮೇಷ್ಟ್ರನ್ನ ತೆಗೆದುಬಿಟ್ಟರೆ ರಾಮಾಚಾರಿಯ ದುರಂತ ಎಲ್ಲಿಂದ ಹುಟ್ಟಬೇಕು?

ನಟನೆಯಿಂದ ದೂರ ಉಳಿದ ಮೇಲೂ ರಾಜ್‌ಕುಮಾರ್ ಜೊತೆ 2000ರ ‘ಶಬ್ದವೇಧಿ’ಯಲ್ಲಿ ಬಂದರು. 2010ರ ಜನವರಿ 18ರಂದು ಇದೇ ಮೈಸೂರಿನಲ್ಲಿ ತೀರಿಕೊಂಡರು. ಆಗಿನ್ನೂ ವಿಷ್ಣುವರ್ಧನ್ ಹೋಗಿ ಮೂರು ವಾರ ಆಗಿರಲಿಲ್ಲ. ಬೆಳಿಗ್ಗೆ ಸುದ್ದಿ ಕೇಳಿ ನಮ್ಮಮ್ಮ ಒಲೆ ಮೇಲಿದ್ದ ಹಾಲನ್ನೂ ಮರೆತು ಟಿವಿ ಮುಂದೆ ಕೂತುಬಿಟ್ಟಿದ್ದರು. "ಶಿಷ್ಯನ ಹಿಂದೇನೇ ಮೇಷ್ಟ್ರೂ ಹೊರಟುಬಿಟ್ರಲ್ಲೋ" ಅಂದರು. ಅವತ್ತು ಎಷ್ಟೋ ಮನೆಗಳಲ್ಲಿ ಈ ಮಾತು ಬಂದಿರಬೇಕು.

ನಿನ್ನೆ ರಾತ್ರಿ ಆ ಹುಡುಗ ಫೋನ್ ಮಾಡಿದ್ದ. ಅಲಮೇಲು ವಿಷಯದ ದೃಶ್ಯವನ್ನ ಒಂದು ಸಲ ಸೌಂಡ್ ತೆಗೆದು ನೋಡಿದನಂತೆ, ಇನ್ನೊಂದು ಸಲ ಕಣ್ಣು ಮುಚ್ಚಿ ಬರೀ ಕೇಳಿದನಂತೆ. ಎರಡನೆಯದನ್ನ ನಾನು ಹೇಳಿಕೊಟ್ಟಿರಲಿಲ್ಲ.

ಅವನು ಹಾಗಂದ ಮೇಲೆ ನನಗೊಂದು ಆಸೆ ಹುಟ್ಟಿದೆ. ಆಕಾಶವಾಣಿಯಲ್ಲಿ ಅಶ್ವಥ್ ಅವರ ನಾಟಕ ಕೇಳಿದ ಹಿರಿಯರು ನಿಮ್ಮ ಮನೆಯಲ್ಲಿ, ಪಕ್ಕದ ಬೀದಿಯಲ್ಲಿ ಇನ್ನೂ ಇದ್ದರೆ ದಯವಿಟ್ಟು ಕೂತು ಕೇಳಿ. ಯಾವ ನಾಟಕ, ಯಾವ ಪಾತ್ರ, ದನಿ ಹೇಗಿತ್ತು, ನೆನಪಿದ್ದಷ್ಟೇ ಸಾಕು. ಬರೆದು ಕಳಿಸಿ, ಇಲ್ಲಾ ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಿ. ನಾನು ಒಂದು ಕಡೆ ಜೋಡಿಸಿ ಇಡ್ತೀನಿ.