100 ಗ್ರಾಂ ಮತ್ತು ಸೇಬಿನ ಹಾರ

ನಮ್ಮ ಹುಬ್ಬಳ್ಳಿಯಲ್ಲಿ ಕುಸ್ತಿ ಆಡುವ ಹುಡುಗಿಯೊಬ್ಬಳಿಗೆ ಮೊನ್ನೆ ಸನ್ಮಾನ ಆಯಿತು. ವಿದೇಶದ ಟೂರ್ನಿಗೆ ಆಯ್ಕೆಯಾಗಿದ್ದಾಳೆ. ಇನ್ನೂ ಗೆದ್ದಿಲ್ಲ. ಗೆದ್ದ ಮೇಲೆ ಸನ್ಮಾನ ಮಾಡೋರ ನೂಕುನುಗ್ಗಲು ಜಾಸ್ತಿ, ಈಗಲೇ ಮುಗಿಸಿಬಿಡೋಣ ಅಂತ ಸಮಿತಿಯವರ ಲೆಕ್ಕ.

ಫ್ಲೆಕ್ಸ್ ತುಂಬ ಮುಖಗಳು. ಸಾಹೇಬರದ್ದು ಆಳೆತ್ತರ. ಹುಡುಗಿ ಎಲ್ಲಿ ಅಂತ ಹುಡುಕಿದೆ. ಕೆಳಗೆ ಬಲಮೂಲೆಯಲ್ಲಿ, ಫ್ಲೆಕ್ಸ್ ಮಾಡಿದವನ ಫೋನ್ ನಂಬರಿನ ಪಕ್ಕ, ಪಾಸ್‌ಪೋರ್ಟ್ ಸೈಜಿನಲ್ಲಿ ಸಿಕ್ಕಳು.

ಗರಡಿಮನೆಯಲ್ಲಿ ಇರೋದೇ ಒಂದು ಮ್ಯಾಟು. ಅದನ್ನೂ ಟಂಟಂನಲ್ಲಿ ಹೇರಿಕೊಂಡು ಬಂದು ವೇದಿಕೆಗೆ ಹಾಸಿದ್ದರು, ಕುಸ್ತಿಯ ಕಳೆ ಬರಲಿ ಅಂತ! ಅದರ ಮೇಲೆ ಗಣ್ಯರ ಕುರ್ಚಿಗಳು.

ಸಾಹೇಬರು ಮುಕ್ಕಾಲು ತಾಸು ಮಾತಾಡಿದರು. ಕುಸ್ತಿಯಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ವಿರಾಮ. ಸಾಹೇಬರಿಗೆ ವಿರಾಮವೂ ಬೇಕಾಗಲಿಲ್ಲ. 2016ರಲ್ಲಿ ರಿಯೋದಲ್ಲಿ ಕಂಚು ತಂದ ಸಾಕ್ಷಿ ಮಲಿಕ್ ನಮ್ಮ ಹೆಮ್ಮೆ, ವಿನೇಶ್ ಫೋಗಟ್ ನಮ್ಮ ಹೆಮ್ಮೆ ಅಂದರು. ಅದೇ ಹೆಮ್ಮೆಗಳು 2023ರಲ್ಲಿ ಲೈಂಗಿಕ ಕಿರುಕುಳದ ದೂರಿಗೆ ನ್ಯಾಯ ಕೇಳುತ್ತ ಜಂತರ್ ಮಂತರ್‌ನಲ್ಲಿ ಬೀದಿಗೆ ಕೂತಿದ್ದಾಗ ಸಾಹೇಬರ ಗಂಟಲು ಕಟ್ಟಿತ್ತು ಅನಿಸುತ್ತೆ. ಇರಲಿ, ಹವಾಮಾನ.

ಆಮೇಲೆ ಪೇಡಾ ಬಂತು.

"ತಿನ್ನವಾ ತಂಗಿ, ಒಂದು ಪೇಡಾದಾಗ ಏನೈತಿ?"

"ಬ್ಯಾಡ್ರಿ ಸರ್, ವಜನ ನೋಡ್ತಾರ್ರೀ."

ವೇದಿಕೆಗೆ ವೇದಿಕೆಯೇ ನಕ್ಕಿತು. ಆಕೆ ನಗಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟೋಕಿಯೊ ಚಿನ್ನದ ಸುಸಾಕಿಯನ್ನೇ ಕೆಡವಿ, ಒಂದೇ ದಿನ ಮೂರು ಕುಸ್ತಿ ಗೆದ್ದು ಫೈನಲ್ ಸೇರಿದ್ದರು ವಿನೇಶ್. ಎರಡನೇ ದಿನವೂ ತೂಕ ನೋಡುತ್ತಾರೆ. ರಾತ್ರಿಯಿಡೀ ಬೆವರು ಇಳಿಸಿದರು. ಕೂದಲೂ ಕತ್ತರಿಸಿದರು. ಬೆಳಿಗ್ಗೆ ತಕ್ಕಡಿ ಅವರ ವಿಭಾಗದ 50 ಕಿಲೋ ಮಿತಿ ದಾಟಿ 100 ಗ್ರಾಂ ಜಾಸ್ತಿ ತೋರಿಸಿತು. ಫೈನಲ್ ಇಲ್ಲ, ಪದಕವೂ ಇಲ್ಲ. 100 ಗ್ರಾಂ ಅಂದರೆ ನಮ್ಮ ಧಾರವಾಡದ ನಾಲ್ಕೈದು ಪೇಡಾ, ಅಷ್ಟೇ ಅಲ್ವಾ? ಸಾಹೇಬರು ಅಷ್ಟನ್ನು ಭಾಷಣದ ನಡುವೆಯೇ ಮುಗಿಸಿದ್ದರು.

ಕೊನೆಗೆ ಕ್ರೇನಿನಲ್ಲಿ ಸೇಬಿನ ಹಾರ ತೂಗಾಡುತ್ತ ಬಂತು. ಈ ಸಣಕಲಿಗೆ ಅದೆಲ್ಲಿ ಹೊರೋಕಾಗುತ್ತೆ ಅಂತ ನಾನು ಗಾಬರಿಯಾದೆ. ಸುಮ್ನೆ ಗಾಬರಿ. ಹಾರ ಸಾಹೇಬರಿಗೆ.

ಗದ್ದಲದಲ್ಲೇ ವಸ್ತಾದರು ಹತ್ತಿರ ಹೋಗಿ, "ಹೊಸಾ ಮ್ಯಾಟ್ ಒಂದು ಬೇಕಿತ್ರಿ ಸಾಹೇಬ್ರ" ಅಂದರು.

"ಹುಡುಗಿ ಪದಕ ತರ್‍ಲಿ, ನೋಡೂಣು."

ಮರುದಿನ ಗರಡಿಮನೆಗೆ ಹೋದೆ. ಮ್ಯಾಟಿನ ತುಂಬ ಕುರ್ಚಿ ಕಾಲಿನ ತೂತು. ವಸ್ತಾದರು ಟೇಪ್ ಹಚ್ಚುತ್ತ ಕೂತಿದ್ದರು. ನೆಲದ ಥಂಡಿ ಏರಬಾರದು ಅಂತ ಮ್ಯಾಟಿನ ಕೆಳಗೆ ಆ ಫ್ಲೆಕ್ಸ್ ಹಾಸಿದ್ದರು, ಬಿಟ್ಟಿ ಸಿಕ್ಕಿತ್ತಲ್ಲ. ಸರಿಯಾಗಿ ನಟ್ಟನಡುವೆ ಸಾಹೇಬರ ಮುಖ.

ಅದರ ಮೇಲೇ ಹುಡುಗಿ ತನ್ನ ಜೋಡಿಯನ್ನು ಎತ್ತಿ ಚಿತ್ ಮಾಡಿದಳು.